ಕೇಬಲ್ ಕಿತ್ತರೂ ಉಳಿಯುವ ಗುರುತು

ಕೆಲಸ ಹೋದ ಮೇಲೆ ಸಿಸಿಎನ್‌ಎ ಪರೀಕ್ಷೆಗೆ ಓದೋಕೆ ಕೂತೆ. ಪ್ಯಾಕೆಟ್ ಟ್ರೇಸರ್‌ನಲ್ಲಿ ತ್ರಿಕೋನವಾಗಿ ಮೂರು ರೌಟರ್, ನಡುವೆ ಓಎಸ್‌ಪಿಎಫ್. ಅದರಲ್ಲಿ ಪ್ರತಿ ರೌಟರಿಗೂ ಒಂದು ಗುರುತು ಬೇಕು, ರೌಟರ್ ಐಡಿ. ನಾವೇ ಕೊಡದಿದ್ದರೆ, ಲೂಪ್‌ಬ್ಯಾಕ್‌ಗಳಲ್ಲಿ ಅತಿ ದೊಡ್ಡ ಐಪಿ ವಿಳಾಸವನ್ನು ಆರಿಸಿಕೊಳ್ಳುತ್ತೆ. ಲೂಪ್‌ಬ್ಯಾಕೇ ಇಲ್ಲದಿದ್ದರೆ ಮಾತ್ರ ಚಾಲೂ ಇರೋ ಬೇರೆ ಪೋರ್ಟಿನದು. ಲೂಪ್‌ಬ್ಯಾಕ್ ಬರೀ ಸಾಫ್ಟ್‌ವೇರಿನೊಳಗಿನ ಪೋರ್ಟ್. ಅದಕ್ಕೆ ಕೇಬಲ್ಲೇ ಇಲ್ಲ, ಹಾಗಾಗಿ ಯಾವ ಕೇಬಲ್ ಕಿತ್ತರೂ ಡೌನ್ ಆಗಲ್ಲ.

ಊರಲ್ಲಿ ‘ಯಾರ ಮಗ ನೀನು?’ ಅಂತಾರೆ. ಬೆಂಗಳೂರಲ್ಲಿ ‘ಯಾವ ಕಂಪನಿ?’ ಅಂತಾರೆ. ಹತ್ತು ವರ್ಷ ಎರಡನೇ ಪ್ರಶ್ನೆಗೇ ಉತ್ತರ ಕೊಟ್ಟಿದ್ದೆ. ಐಡಿ ಕಾರ್ಡ್ ವಾಪಸ್ ಕೊಟ್ಟ ದಿನ ಹೇಳೋಕೆ ಏನೂ ಉಳಿದಿರಲಿಲ್ಲ. ಹಾಗಾದರೆ ಯಾರನ್ನೂ ನೆಚ್ಚದ ಗುರುತೇ ಗಟ್ಟಿಯಾ? ಮನುಷ್ಯನೂ ಲೂಪ್‌ಬ್ಯಾಕ್ ಥರ ಇರಬೇಕಾ?

ನೋಡೇಬಿಡೋಣ ಅಂತ ಒಂದು ರೌಟರಿನ ಎರಡೂ ಕೇಬಲ್ ತೆಗೆದೆ. ಅದರೊಳಗೆ ಲೂಪ್‌ಬ್ಯಾಕ್ ‘ಅಪ್’ ಅಂತಲೇ ತೋರಿಸ್ತಿತ್ತು. ಪಕ್ಕದ ರೌಟರಿನ ರೂಟಿಂಗ್ ಟೇಬಲ್‌ನಲ್ಲಿ ಮಾತ್ರ ಅದರ /32 ಸಾಲು ಮಾಯ. ಪಿಂಗ್‌ಗೆ ಉತ್ತರವಿಲ್ಲ. ಮೂರನೇ ರೌಟರಿನ ಕಡೆಯ ಕೇಬಲ್ ಒಂದನ್ನೇ ಮತ್ತೆ ಹಾಕಿದೆ. ಸ್ವಲ್ಪ ಹೊತ್ತಿಗೆ ಅದೇ ವಿಳಾಸ, ಸುತ್ತಿನ ದಾರಿಯಿಂದ, ವಾಪಸ್ ಬಂತು.

ಗುರುತು ಒಂದೇ ಸಂಬಂಧವನ್ನು ನೆಚ್ಚಿಕೊಂಡಿರಬಾರದು, ನಿಜ. ಆದರೆ ಎಲ್ಲ ಸಂಬಂಧ ಕಿತ್ತ ಮೇಲೆ ಉಳಿಯೋ ಗುರುತು ನಮಗೊಬ್ಬರಿಗೇ ಕಾಣೋದು.

ಒಂದು ತಿಂಗಳಿಂದ ಅಪ್ಪನ ಫೋನ್ ಎತ್ತಿರಲಿಲ್ಲ. ಅವತ್ತು ನಾನೇ ಮಾಡಿದೆ.

‘ಊಟ ಆಯ್ತಾ ಮಗಾ?’ ಅಂದರು.

‘ಕೆಲಸ ಹೋಗಿದೆ ಅಪ್ಪಾ’ ಅಂದೆ.