ಸಾರಥ್ಯವೂ ಪೂಜೆಯೇ

ಮಹಾನವಮಿಯ ದಿನ ನಾವು ಆಯುಧಗಳನ್ನು ಪೂಜಿಸುತ್ತೇವೆ. ರೈತನ ನೇಗಿಲು, ಬಡಗಿಯ ಉಳಿ, ನಮ್ಮಂಥ ಬ್ಯಾಂಕ್ ಗುಮಾಸ್ತರ ಲೆಕ್ಕದ ಪುಸ್ತಕ, ಬೀದಿಯ ಲಾರಿ, ಎಲ್ಲಕ್ಕೂ ಅಂದು ಕುಂಕುಮ, ಚೆಂಡುಹೂವು ಸಲ್ಲುತ್ತವೆ. ಆದರೆ ಲಾರಿಗೆ ಆರತಿ ಎತ್ತಿದ ನಾವೇ ಮರುದಿನ ಅದರ ಚಾಲಕನನ್ನು ಏಕವಚನದಲ್ಲಿ ಕೂಗುತ್ತೇವೆ. ಉಪಕರಣವು ಪೂಜ್ಯವಾದರೆ ಅದನ್ನು ಹಿಡಿದ ಕೈ ಏಕೆ ಪೂಜ್ಯವಲ್ಲ? ಕಾಯಕದಲ್ಲಿ ಮೇಲು ಕೀಳು ಉಂಟೆ? ಈ ಪ್ರಶ್ನೆ ನನಗೆ ಗ್ರಂಥಗಳಿಂದ ಬಂದುದಲ್ಲ, ತೀರಿಹೋದ ನನ್ನ ತಂದೆಯವರ ಬಾಳಿನಿಂದ ಬಂದುದು.

ಹುಬ್ಬಳ್ಳಿಯ ಸಮೀಪದ ಹಳ್ಳಿಯೊಂದರಿಂದ 1963ರಲ್ಲಿ, ಹದಿನೆಂಟರ ಹರೆಯದಲ್ಲಿ, ಅವರು ಸೇನೆಗೆ ಸೇರಿದರು. 1965 ಮತ್ತು 1971ರ ಯುದ್ಧಗಳನ್ನು ಕಂಡು, 1978ರಲ್ಲಿ ನಿವೃತ್ತರಾಗಿ ಊರಿಗೆ ಮರಳಿದರು. ಆಮೇಲೆ ಇಪ್ಪತ್ತೈದು ವರ್ಷಗಳ ಕಾಲ ಮುಂಬಯಿ-ಬೆಂಗಳೂರು ಮಾರ್ಗದಲ್ಲಿ ಲಾರಿ ನಡೆಸಿದರು. ನಡುರಾತ್ರಿ ಹೆದ್ದಾರಿಯ ಅಂಚಿನಲ್ಲಿ ಲಾರಿ ನಿಲ್ಲಿಸಿ ಮನೆಗೆ ಬಂದು, ಎರಡು ರೊಟ್ಟಿ ತಿಂದು, ಮಲಗಿದ್ದ ನಮ್ಮ ತಲೆಯ ಮೇಲೆ ಕೈಯಿಟ್ಟು ಮತ್ತೆ ಹೊರಡುತ್ತಿದ್ದರು. ಆ ಕೈಯ ಡೀಸೆಲ್ ವಾಸನೆಯಿಂದಲೇ ಅಪ್ಪ ಬಂದುಹೋದರೆಂದು ಬೆಳಿಗ್ಗೆ ನಮಗೆ ತಿಳಿಯುತ್ತಿತ್ತು.

ನಾನು ಎಂಟನೆಯ ಇಯತ್ತೆಗೆ ಸೇರುವಾಗ, ಅರ್ಜಿಯಲ್ಲಿ ತಂದೆಯ ಉದ್ಯೋಗವನ್ನು ಕೇಳಿದ್ದ ಕಡೆ 'ಮಾಜಿ ಸೈನಿಕ' ಎಂದಷ್ಟೇ ಬರೆದೆ. 'ಲಾರಿ ಚಾಲಕ' ಎಂದು ಬರೆಯಲು ನಾಚಿಕೆಯಾಗಿತ್ತು. ಸಹಿಗೆಂದು ಅರ್ಜಿಯನ್ನು ಕೈಗೆತ್ತಿಕೊಂಡ ತಂದೆಯವರು ಅದನ್ನು ಓದಿ, ಸಿಟ್ಟಾಗದೆ ಕೇಳಿದರು: "ಮಿಲಿಟರಿಯೊಳಗ ನಾ ಏನ ಮಾಡ್ತಿದ್ದೆ ಅಂತ ತಿಳದೀಯೋ ತಮ್ಮಾ?"

ಬಂದೂಕು ಹಾರಿಸುತ್ತಿದ್ದಿರಿ ಎಂದೆ. ಅವರು ನಕ್ಕರು.

"ಅಲ್ಲಿಯೂ ಲಾರಿನೇ ನಡಸ್ತಿದ್ದೆ."

ಅವರು ಇದ್ದುದು ಆರ್ಮಿ ಸರ್ವಿಸ್ ಕೋರ್‌ನಲ್ಲಿ. ಸೇನೆಗೆ ಆಹಾರಧಾನ್ಯ, ಸೀಮೆಎಣ್ಣೆ, ಪೆಟ್ರೋಲುಗಳನ್ನು ಒದಗಿಸುವ ದಳವದು. ಹನ್ನೊಂದು ಸಾವಿರ ಅಡಿಗೂ ಎತ್ತರದ ಝೋಜಿ ಲಾ ಕಣಿವೆಯನ್ನು ದಾಟಿ ಅವರು ಲಡಾಖಿನ ಜವಾನರಿಗೆ ಹಿಟ್ಟು ಮುಟ್ಟಿಸುತ್ತಿದ್ದರು. ನಾನು ಹೆಮ್ಮೆಪಟ್ಟ ಕೆಲಸವೂ ನಾಚಿದ ಕೆಲಸವೂ ಒಂದೇ ಆಗಿತ್ತು! ಬದಲಾಗಿದ್ದುದು ಅಂಗಿಯ ಬಣ್ಣ ಮಾತ್ರ.

ಮಹಾಭಾರತದ ಇಬ್ಬರು ಸಾರಥಿಗಳು ಇಲ್ಲಿ ನೆನಪಾಗುತ್ತಾರೆ. ಮದ್ರದೇಶದ ಅರಸನಾದ ಶಲ್ಯನಿಗೆ ಕರ್ಣನ ರಥ ನಡೆಸುವುದು ಅವಮಾನವೆನಿಸಿತು. ಒಪ್ಪಿಕೊಂಡ ಮೇಲೂ ಕರ್ಣನನ್ನು ಮಾತಿನಿಂದ ಚುಚ್ಚುತ್ತಲೇ ಇದ್ದನು. ಶ್ರೀಕೃಷ್ಣನಾದರೋ ಅರ್ಜುನನು ಬೇಡಿದೊಡನೆ ಸಂತೋಷದಿಂದ ಸಾರಥ್ಯವನ್ನು ವಹಿಸಿದನು. ಯುದ್ಧದ ಹದಿನಾಲ್ಕನೆಯ ದಿನ, ಸೈಂಧವನನ್ನು ಅರಸಿ ಹೊರಟ ದಾರಿಯಲ್ಲಿ ಕುದುರೆಗಳು ಬಳಲಿದಾಗ, ರಣರಂಗದ ನಡುವೆಯೇ ಅವುಗಳನ್ನು ಬಿಚ್ಚಿ, ನಟ್ಟ ಬಾಣಗಳನ್ನು ಕಿತ್ತು, ಮೈ ತಿಕ್ಕಿ, ನೀರು ಕುಡಿಸಿದನು. ಜಗನ್ನಾಥನಿಗೆ ಕುದುರೆಯ ಚಾಕರಿ ಕೀಳೆನಿಸಲಿಲ್ಲ. ಕೆಲಸ ಒಂದೇ ಆದರೂ ಶಲ್ಯನಿಗೆ ಅದು ಹೊರೆಯಾಯಿತು, ಕೃಷ್ಣನಿಗೆ ಪ್ರೀತಿಯಾಯಿತು. ಆದುದರಿಂದ ಮೇಲು ಕೀಳು ಕೆಲಸದಲ್ಲಿಲ್ಲ. ಯಾರಿಗಾಗಿ, ಯಾವ ಮನಸ್ಸಿನಿಂದ ಮಾಡಿದೆವೆಂಬುದರಲ್ಲಿದೆ.

ಕುರ್ಚಿಯಲ್ಲಿ ಕುಳಿತು ಹೀಗೆ ಬರೆಯುವುದು ಸುಲಭವೆಂಬುದನ್ನು ನಾನು ಬಲ್ಲೆ. ಆ ಕುರ್ಚಿಯೂ ತಂದೆಯವರ ನಿದ್ದೆಗೆಟ್ಟ ರಾತ್ರಿಗಳಿಂದಲೇ ದೊರೆತದ್ದು. ಅವರು ದೇವರ ಮನೆಯಲ್ಲಿ ಹೆಚ್ಚು ಹೊತ್ತು ಕುಳಿತವರಲ್ಲ. ಪ್ರತಿ ಪ್ರಯಾಣಕ್ಕೂ ಮೊದಲು ಒಂದೊಂದು ಚಕ್ರವನ್ನೂ ಮುಟ್ಟಿ ನೋಡುತ್ತಿದ್ದರು. ದಾರಿಯಲ್ಲಿ ಬೇರೆಯವರ ಮಕ್ಕಳೂ ನಡೆದಾಡುತ್ತಾರೆ ಎನ್ನುತ್ತಿದ್ದರು. ಅದಕ್ಕಿಂತ ಮಿಗಿಲಾದ ಪ್ರದಕ್ಷಿಣೆಯನ್ನು ನಾನು ಕಾಣೆ.

ಈ ಮಹಾನಗರಕ್ಕೆ ಬಂದ ನಮ್ಮಲ್ಲಿ ಅನೇಕರ ಹಿರಿಯರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದವರು. ಇಂದು ನಮ್ಮ ಮಕ್ಕಳಿಗೆ ಆ ಕಥೆಯನ್ನು ಹೇಳುತ್ತೇವೆಯೆ, ಅಥವಾ ನನ್ನ ಅರ್ಜಿಯಂತೆ ಅರ್ಧವನ್ನಷ್ಟೇ ಬರೆಯುತ್ತೇವೆಯೆ?

ಅಂದು ತಂದೆಯವರು ಅರ್ಜಿಗೆ ತಾವಾಗಿ ಏನನ್ನೂ ಸೇರಿಸಲಿಲ್ಲ. ಲೇಖನಿಯನ್ನು ನನ್ನ ಕೈಗೆ ಕೊಟ್ಟು ಸುಮ್ಮನೆ ಕುಳಿತರು. 'ಲಾರಿ ಚಾಲಕ' ಎಂದು ನಾನೇ ಬರೆದೆ. ಆಮೇಲೆ ಅವರು ಸಹಿ ಹಾಕಿದರು. ಈ ವಿಜಯದಶಮಿಯಂದು ಬನ್ನಿ ಹಂಚುವಾಗ, ನಮ್ಮನ್ನು ಇಲ್ಲಿಯವರೆಗೆ ತಲುಪಿಸಿದ ಕೈಗಳನ್ನು ನೆನೆಯುವ ಬುದ್ಧಿಯನ್ನು ತಾಯಿ ಜಗದಂಬೆಯು ನಮಗೆಲ್ಲರಿಗೂ ಕರುಣಿಸಲಿ.