ಗೆಳೆಯನ ಮೇಲೊಂದು ಅನುಮಾನ

ಇಬ್ಬರು ಗೆಳೆಯರು ಅಂದುಕೊಳ್ಳಿ. ಒಬ್ಬ ನಾಸಿಕ್‌ನಲ್ಲಿ, ಇನ್ನೊಬ್ಬ ಛತ್ರಪತಿ ಸಂಭಾಜಿನಗರದಲ್ಲಿ. ರಾತ್ರಿ ಊಟವಾದ ಮೇಲೆ ಮೊಬೈಲಿನಲ್ಲಿ ಚೆಸ್ ಆಡುತ್ತಾರೆ. ಇಷ್ಟು ವರ್ಷ ಸೋಲು ಗೆಲುವು ಸರಿಸಮ. ಈಚೆಗೆ ಒಬ್ಬ ಸೋಲುವುದೇ ಇಲ್ಲ. ಇನ್ನೊಬ್ಬನ ತಲೆಗೆ ಹುಳ ಹೊಕ್ಕಿದೆ: ಇವನು ಪಕ್ಕದಲ್ಲಿ ಚೆಸ್ ಎಂಜಿನ್, ಅಂದರೆ ಒಳ್ಳೆಯ ನಡೆ ಹೇಳಿಕೊಡುವ ತಂತ್ರಾಂಶ, ತೆರೆದಿಟ್ಟುಕೊಂಡು ಆಡುತ್ತಿದ್ದಾನೆಯೇ?

ಅನುಮಾನಕ್ಕೆ ಕಾರಣ ಇಲ್ಲದಿಲ್ಲ. ವಿಶ್ವ ಚಾಂಪಿಯನ್ನನನ್ನೂ ಸೋಲಿಸಬಲ್ಲ ಸ್ಟಾಕ್‌ಫಿಶ್ ಎಂಬ ತಂತ್ರಾಂಶ ಇವತ್ತು ಯಾರ ಫೋನಿಗಾದರೂ ಪುಕ್ಕಟೆ ಸಿಗುತ್ತದೆ. ದೊಡ್ಡವರೂ ಆ ಆಸೆಗೆ ಬಿದ್ದದ್ದನ್ನು ನಾವು ಕಂಡಿದ್ದೇವೆ. 2021ರ ಜೂನ್‌ನಲ್ಲಿ ಕೋವಿಡ್ ನೆರವಿಗೆ ಹಣ ಕೂಡಿಸಲು ವಿಶ್ವನಾಥನ್ ಆನಂದ್ ಗಣ್ಯರ ಜೊತೆ ಏಕಕಾಲಕ್ಕೆ ಆನ್‌ಲೈನ್ ಚೆಸ್ ಆಡಿದರು. ಆಮಿರ್ ಖಾನ್ ಇದ್ದರು, ನಮ್ಮ ಕಿಚ್ಚ ಸುದೀಪ್ ಇದ್ದರು. ಆನಂದ್‌ಗೆ ಸೋಲುಣಿಸಿದವರು ಮಾತ್ರ ಬೆಂಗಳೂರಿನ ಜೆರೋಧಾ ಕಂಪನಿಯ ನಿಖಿಲ್ ಕಾಮತ್! ಆಟ ನೋಡಿದವರು ಒಪ್ಪಲಿಲ್ಲ. ಮರುದಿನ ಕಾಮತ್ ತಾವೇ ಬಾಯಿಬಿಟ್ಟರು: ಆಟ ಬಲ್ಲವರ ನೆರವೂ ಕಂಪ್ಯೂಟರಿನ ನೆರವೂ ಇತ್ತು, ತಪ್ಪಾಯಿತು. ಆನಂದ್ ಬೈಯಲಿಲ್ಲ. ತಾನು ಹಲಗೆಯ ಮೇಲಿದ್ದ ಆಟವನ್ನಷ್ಟೇ ಆಡಿದೆ, ಉಳಿದವರಿಂದಲೂ ಅದನ್ನೇ ನಿರೀಕ್ಷಿಸಿದ್ದೆ ಎಂಬರ್ಥದ ಎರಡು ಮಾತು ಬರೆದು ಸುಮ್ಮನಾದರು.

ಅಲ್ಲಿ ಅನುಮಾನ ನಿಜವಾಯಿತು. ಎಲ್ಲ ಕಡೆಯೂ ಹಾಗಾಗುವುದಿಲ್ಲ. ಮಾಜಿ ವಿಶ್ವ ಚಾಂಪಿಯನ್ ವ್ಲಾದಿಮಿರ್ ಕ್ರಾಮ್ನಿಕ್, ಅಮೆರಿಕದ ಗ್ರಾಂಡ್‌ಮಾಸ್ಟರ್ ಡೇನಿಯಲ್ ನರೊಡಿಟ್ಸ್ಕಿಯ ಆನ್‌ಲೈನ್ ಆಟದ ಮೇಲೆ ಬಹಿರಂಗವಾಗಿ, ಮತ್ತೆ ಮತ್ತೆ ಸಂಶಯ ಎತ್ತಿದರು. ನರೊಡಿಟ್ಸ್ಕಿ ಅಲ್ಲಗಳೆಯುತ್ತಲೇ ಇದ್ದ. ಆ ಆರೋಪ ತನ್ನನ್ನು ಹಿಂಡುತ್ತಿದೆ ಎಂದೂ ಹೇಳಿಕೊಂಡ. 2025ರ ಅಕ್ಟೋಬರ್‌ನಲ್ಲಿ ಆತ ತೀರಿಕೊಂಡಾಗ ವಯಸ್ಸು 29. ಆರೋಪಕ್ಕೆ ಪುರಾವೆ ಕೊನೆಗೂ ಬರಲಿಲ್ಲ.

ಪರದೆಯಲ್ಲಿ ಕಂಡ ಫಲಿತಾಂಶವೇ ಪೂರ್ತಿ ಕಥೆಯಲ್ಲ ಎಂಬುದು ನಾಸಿಕ್‌ನ ಚೆಸ್ ಆಟಗಾರ ವಿದಿತ್ ಗುಜರಾತಿ ಅವರಿಗೆ ಚೆನ್ನಾಗಿ ಗೊತ್ತು. 2020ರ ಆನ್‌ಲೈನ್ ಒಲಿಂಪಿಯಾಡ್‌ನಲ್ಲಿ ಅವರು ಭಾರತದ ನಾಯಕ. ರಷ್ಯಾ ಎದುರಿನ ಫೈನಲ್‌ನಲ್ಲಿ ಇಂಟರ್ನೆಟ್ ಸಂಪರ್ಕ ಕಡಿದು ನಮ್ಮ ಇಬ್ಬರು ಆಟಗಾರರ ಸಮಯ ಮುಗಿದುಹೋಯಿತು. ಪರದೆ ‘ಸೋಲು’ ಎಂದಿತು. ಭಾರತ ಮನವಿ ಸಲ್ಲಿಸಿತು, ಅಂತರರಾಷ್ಟ್ರೀಯ ಚೆಸ್ ಒಕ್ಕೂಟ ಫಿಡೆ ಎರಡೂ ದೇಶಗಳಿಗೆ ಚಿನ್ನ ಕೊಟ್ಟಿತು.

ಪರದೆಯ ಇನ್ನೊಂದು ಅಂಕಿಯನ್ನೂ ಹಾಗೇ ನಂಬಬಾರದು. ಆಟ ಮುಗಿದ ಮೇಲೆ, ನಡೆಗಳು ಎಂಜಿನ್ನಿನ ನಡೆಗಳಿಗೆ ಎಷ್ಟು ಹತ್ತಿರ ಎಂದು ಜಾಲತಾಣ ತೋರಿಸುವ ‘ನಿಖರತೆ ಶೇ 96’ ಎಂಬ ಅಂಕಿಯೇ ಅನೇಕ ಜಗಳಗಳ ಮೂಲ. ಎದುರಾಳಿ ಹತ್ತನೇ ನಡೆಯಲ್ಲೇ ರಾಣಿ ಕಳೆದುಕೊಂಡರೆ ಯಾರ ನಿಖರತೆಯೂ ಏರುತ್ತದೆ; ಬಾಯಿಪಾಠ ಮಾಡಿದ ಆರಂಭದಲ್ಲೂ ಅಷ್ಟೇ. ಮೋಸವಾಗಿದೆಯೇ ಎಂದು ಪರೀಕ್ಷಿಸುವವರು ಒಂದು ಆಟವನ್ನು ಹಿಡಿದು ಕೂರುವುದಿಲ್ಲ, ಹತ್ತಾರು ಆಟ ನೋಡುತ್ತಾರೆ. ಜೊತೆಗೆ ನಡೆಗೆ ಹಿಡಿದ ಸಮಯವನ್ನೂ ನೋಡುತ್ತಾರೆ. ಬೇರೆ ದಾರಿಯೇ ಇಲ್ಲದ ನಡೆಗೂ, ಆನೆಯನ್ನೇ ಬಲಿಕೊಡುವ ನಡೆಗೂ ಒಬ್ಬ ಅದೇ ಆರು ಸೆಕೆಂಡು ತೆಗೆದುಕೊಂಡರೆ ಅಲ್ಲಿ ಏನೋ ಇದೆ. ಮನುಷ್ಯ ತಡವರಿಸುತ್ತಾನೆ.

ಗೆಳೆಯ ಗುಟ್ಟಾಗಿ ಅಭ್ಯಾಸ ಮಾಡಿರಲೂಬಹುದು ತಾನೆ? ಎದುರು ಕೂತು ಮರದ ಹಲಗೆಯ ಮೇಲೆ ನಾಲ್ಕು ಆಟ ಆಡಿದರೆ ಅರ್ಧ ಉತ್ತರ ಸಿಗುತ್ತದೆ. ಆಗಲೂ ಅನುಮಾನ ಉಳಿದರೆ ಅವನೊಬ್ಬನನ್ನೇ ಕರೆದು ಕೇಳಿ. ಅದೂ ಆಗದಿದ್ದರೆ ಜಾಲತಾಣದಲ್ಲಿ ದೂರು ಕೊಡುವ ವ್ಯವಸ್ಥೆ ಇದೆ. ದಯವಿಟ್ಟು ವಾಟ್ಸಾಪ್ ಗುಂಪಿಗೆ ಮಾತ್ರ ಹಾಕಬೇಡಿ.