ಹಿತ್ತಿಲ ಕೋಳಿಗೆ ನಾವು ಸಲ್ಲಿಸತಕ್ಕದ್ದೇನು?

ನಾಳೆ ನಮ್ಮ ಕೈಯಿಂದಲೇ ಕೊಯ್ಯಲ್ಪಡಲಿಕ್ಕಿರುವ ಪ್ರಾಣಿಯು ಈ ರಾತ್ರಿ ಚಳಿಯಲ್ಲಿ ನಡುಗಿದರೆ ನಮಗೇನು? ಈ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳುವದಿಲ್ಲ. ಆದರೂ ನಮ್ಮ ಹಳ್ಳಿಗಳ ಅನೇಕ ಹಿತ್ತಿಲುಗಳಲ್ಲಿ ಅದಕ್ಕೆ ಉತ್ತರವು ದಿನಾಲೂ ಕೊಡಲ್ಪಡುತ್ತಾ ಇದೆ. ಎತ್ತಿನ ಮೈ ತೊಳೆಯುವವರುಂಟು, ಎಮ್ಮೆಯನ್ನು ನೆರಳಿಗೆ ಕಟ್ಟುವವರುಂಟು. ಕೋಳಿಯನ್ನು ಮಾತ್ರ ಸಂಜೆಗೆ ಬುಟ್ಟಿಯ ಕೆಳಗೆ ಕವುಚಿ, ಮೇಲೆ ಕಲ್ಲು ಹೇರಿ, ಬೆಳಿಗ್ಗೆ ಬಿಡುತ್ತೇವೆ. ಅಷ್ಟಕ್ಕೆ ಅದರ ಲೆಕ್ಕವು ಮುಗಿಯಿತು. ಬೆಲೆ ಕಡಿಮೆಯಾದ ಪ್ರಾಣಿಗೆ ವೇದನೆಯೂ ಕಡಿಮೆ ಎಂದು ನಾವು ನೆನಸುವ ಹಾಗೆ ಕಾಣುತ್ತದೆ.

ಕೋಳಿಯನ್ನು ಕೊಯ್ದು ತಿನ್ನುವದು ಸರಿಯೋ ತಪ್ಪೋ ಎಂಬ ವಾದವನ್ನು ನಾವು ಇಲ್ಲಿ ಎತ್ತುವದಿಲ್ಲ. ಆದರೆ ತಿನ್ನುವ ಹಕ್ಕು ಉಂಟೆಂದು ಹೇಳುವವನು ಸಹ, ಆ ಹಕ್ಕು ಯಾವದರ ಮೇಲೆ ಉಂಟೆಂದು ವಿಚಾರಿಸತಕ್ಕದ್ದು. ಕೊಯ್ಯುವದು ಒಂದು ಕ್ಷಣದ ಕೆಲಸ. ಅದಕ್ಕೆ ಮುಂಚೆ ಆ ಪ್ರಾಣಿಯು ನಮ್ಮ ಹಿತ್ತಿಲಲ್ಲಿ ಒಂದೋ ಎರಡೋ ಮೂರೋ ವರುಷ ಬದುಕಿರುತ್ತದೆ. ಆ ಕ್ಷಣದ ಹಕ್ಕು ಈ ವರುಷಗಳನ್ನೆಲ್ಲಾ ನುಂಗಿಬಿಡುತ್ತದೆಂದು ಯಾವ ನ್ಯಾಯವೂ ಹೇಳುವದಿಲ್ಲ. ಮೋಶೆಯ ಧರ್ಮಶಾಸ್ತ್ರವು ಗೂಡಿನಲ್ಲಿ ಕಾವು ಕೂತಿರುವ ತಾಯಿಹಕ್ಕಿಯ ವಿಷಯದಲ್ಲಿ ಸಹ ಕಟ್ಟಳೆ ವಿಧಿಸಿದೆ ಎಂಬದನ್ನು ನಮ್ಮ ವಾಚಕರು ಅರಿತೇ ಇದ್ದಾರೆ. ನಮ್ಮ ದೇಶದ ಕಾನೂನು ಕೂಡಾ, ಅಂದರೆ 1960ರ ಪ್ರಾಣಿಹಿಂಸೆ ತಡೆಯುವ ಕಾನೂನು, ಪ್ರಾಣಿಯು ಯಾರ ವಶದಲ್ಲಿದೆಯೋ ಅವರು ಅದರ ಕ್ಷೇಮಕ್ಕೆ ತಕ್ಕ ಕ್ರಮ ತೆಗೆದುಕೊಳ್ಳುವದು ಅವರ ಕರ್ತವ್ಯವೆಂದು ವಿಧಿಸುತ್ತದೆ. ಅಲ್ಲಿ ಎತ್ತು, ಕುದುರೆ ಎಂದು ಆರಿಸಿ ಹೇಳಲಿಲ್ಲ.

ಈ ಕರ್ತವ್ಯವು ಎಲ್ಲಿಂದ ಹುಟ್ಟುತ್ತದೆ? ದಯೆಯಿಂದ ಎಂದು ಬಹು ಮಂದಿ ಹೇಳುವರು. ನಮ್ಮ ಅಭಿಪ್ರಾಯದಲ್ಲಿ ಅದು ದಯೆಗಿಂತ ಸಾಲಕ್ಕೆ ಹತ್ತಿರವಾದದ್ದು. ಹೇಗಂದರೆ, ನಮ್ಮ ಮನೆಕೋಳಿಯ ಮೂಲವು ಕಾಡು. 2020ರಲ್ಲಿ ಪ್ರಕಟವಾದ ವಂಶವಾಹಿಗಳ ಪರೀಕ್ಷೆಯ ಪ್ರಕಾರ, ನೈಋತ್ಯ ಚೀನ, ಉತ್ತರ ಥಾಯ್ಲೆಂಡ್, ಬರ್ಮಾ ಈ ಪ್ರಾಂತಗಳ ಕೆಂಪು ಕಾಡುಕೋಳಿಯ ಒಂದು ಜಾತಿಯಿಂದ ಅದು ಬಂತು. ನಮ್ಮ ಪಶ್ಚಿಮ ಘಟ್ಟಗಳಲ್ಲಿ ಕೂಗುವ ಬೂದುಬಣ್ಣದ ಕಾಡುಕೋಳಿಯೂ ಅದರ ನೆಂಟನೇ. ಅನೇಕ ಮನೆಕೋಳಿಗಳ ಕಾಲು ಹಳದಿಯಾಗಿರುವದು ಈ ನಮ್ಮ ಘಟ್ಟದ ಕೋಳಿಯಿಂದ ಬಂದ ಗುಣವೆಂದು 2008ರಲ್ಲಿ ತೋರಿಸಲ್ಪಟ್ಟಿತು. ಈ ಕಾಡುಕೋಳಿಗೆ ಗೂಡು ಕಟ್ಟಿಕೊಡುವವರು ಯಾರು? ಯಾರೂ ಇಲ್ಲ, ಬೇಕಾಗಿಯೂ ಇಲ್ಲ. ಗಾಳಿ ಬೀಸುವಾಗ ಅದು ಮರದ ಮರೆಯ ಕೊಂಬೆಯನ್ನು ಆರಿಸುತ್ತದೆ, ಬಿಸಿಲೇರುವಾಗ ಪೊದೆಯ ತಂಪಿಗೆ ನುಗ್ಗುತ್ತದೆ, ಹೇನಿನ ಕಾಟವಾದಾಗ ಪುಡಿಮಣ್ಣಿನಲ್ಲಿ ಹೊರಳುತ್ತದೆ, ಬಾಯಾರಿದಾಗ ತೊರೆಗೆ ಇಳಿಯುತ್ತದೆ. ನಾವು ಅದರ ಸಂತತಿಯನ್ನು ಬುಟ್ಟಿಯೊಳಗೆ ಹಾಕಿ ಮುಚ್ಚಿದಾಗ ಈ ಆರಿಸುವ ಶಕ್ತಿಯನ್ನು ಅದರಿಂದ ತೆಗೆದುಕೊಂಡೆವು. ತೆಗೆದುಕೊಂಡವನು ಅದರ ಬದಲು ಕೊಡತಕ್ಕವನು. ನೆರಳು, ಗಾಳಿ, ಒಣಗಿದ ಜಾಗ, ನೀರು ಇವು ನಾವು ಕೋಳಿಗೆ ಮಾಡುವ ಉಪಕಾರಗಳಲ್ಲ. ಅದರಿಂದ ಕಸಿದುಕೊಂಡದ್ದರಲ್ಲಿ ಸ್ವಲ್ಪವನ್ನು ಹಿಂದಕ್ಕೆ ಕೊಡುವದೇ ಆಗಿದೆ.

ಸಾಲವೆಂದ ಮೇಲೆ ಸರಿಯಾದ ನಾಣ್ಯದಲ್ಲಿ ತೀರಿಸಬೇಕಲ್ಲವೋ? ಇಲ್ಲಿಯೇ ಒಳ್ಳೇ ಮನಸ್ಸಿನವರು ಸಹ ಎಡವುತ್ತಾರೆ. ನಮಗೆ ಯಾವದು ಸುಖವೋ ಕೋಳಿಗೂ ಅದೇ ಸುಖವೆಂದು ಅವರು ಭಾವಿಸುತ್ತಾರೆ. ಬ್ರಿಟನ್ ದೇಶದಲ್ಲಿ ನಡೆದ ಒಂದು ಸಂಗತಿಯನ್ನು ಕೇಳಿರಿ. ಪಂಜರಗಳಲ್ಲಿ ಸಾಕಲ್ಪಡುವ ಪ್ರಾಣಿಗಳ ಸ್ಥಿತಿಯನ್ನು ವಿಚಾರಿಸುವದಕ್ಕೆ ಅಲ್ಲಿನ ಸರಕಾರವು ಬ್ರಾಂಬೆಲ್ ಎಂಬ ಪಂಡಿತರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು; 1965ರಲ್ಲಿ ಅದರ ವರದಿಯು ಹೊರಟಿತು. ಪ್ರಾಣಿಯು ಏಳಲಿಕ್ಕೂ ಮಲಗಲಿಕ್ಕೂ ತಿರುಗಲಿಕ್ಕೂ ಮೈ ತಿದ್ದಿಕೊಳ್ಳಲಿಕ್ಕೂ ಕೈಕಾಲು ಚಾಚಲಿಕ್ಕೂ ಆಗುವಷ್ಟು ಸ್ಥಳವಿರಬೇಕೆಂದು ಹೇಳಿದ ಒಳ್ಳೇ ವರದಿ ಅದು. ಅದರಲ್ಲಿ ಇನ್ನೊಂದು ಮಾತೂ ಇತ್ತು: ಪಂಜರದ ತಳಕ್ಕೆ ಸಣ್ಣ ತಂತಿಯ ಆರು ಮೂಲೆಯ ಬಲೆಯನ್ನು ಹಾಕಬಾರದು, ಅದು ಕೋಳಿಯ ಪಾದಕ್ಕೆ ನೋವು, ದಪ್ಪ ತಂತಿಯೇ ಮೇಲು. ನೋಡುವ ಯಾರಿಗಾದರೂ ಹಾಗೆಯೇ ತೋಚುವದು. ಆದರೆ 1973ರಲ್ಲಿ ಹ್ಯೂಸ್ ಮತ್ತು ಬ್ಲ್ಯಾಕ್ ಎಂಬ ಇಬ್ಬರು ಶೋಧಕರು ಎರಡೂ ವಿಧದ ತಳವನ್ನು ಕೋಳಿಗಳ ಮುಂದೆ ಇಟ್ಟು, ಆರಿಸುವದನ್ನು ಅವುಗಳಿಗೇ ಬಿಟ್ಟರು. ಕೋಳಿಗಳು ಆರಿಸಿದ್ದು ಆ ಸಣ್ಣ ಬಲೆಯನ್ನೇ! ಅದರ ಮೇಲೆ ಪಾದಕ್ಕೆ ಹೆಚ್ಚು ಕಡೆಗಳಲ್ಲಿ ಆಧಾರ ಸಿಕ್ಕುತ್ತಿತ್ತು. ಸಮಿತಿಯವರು ನಿರ್ದಯರಾಗಿರಲಿಲ್ಲ, ದಯೆಯುಳ್ಳವರೇ. ಆದರೆ ಅವರು ತಮ್ಮ ಪಾದದಿಂದ ಕೋಳಿಯ ಪಾದವನ್ನು ಅಳೆದರು.

ನಮ್ಮ ಹಳ್ಳಿಗಳಲ್ಲಿ ಇದೇ ಅಳತೆಯು ಚಳಿಗಾಲದಲ್ಲಿ ಕೋಳಿಯ ಜೀವಕ್ಕೆ ಮುಳುವಾಗುತ್ತದೆ. ದಶಂಬರ ಜನವರಿಗಳಲ್ಲಿ ಬೀದರ, ಬೆಳಗಾವಿ, ಕೊಡಗು ಕಡೆಗಳಲ್ಲಿ ನಾವು ಕಂಬಳಿ ಹೊದೆಯುತ್ತೇವೆ. ಆದಕಾರಣ ಗೂಡಿನ ಎಲ್ಲಾ ಸಂದುಗಳಿಗೂ ಗೋಣಿ ತುರುಕುತ್ತೇವೆ. ಕೋಳಿಯಾದರೋ ತನ್ನ ಕಂಬಳಿಯನ್ನು ಮೈಮೇಲೆಯೇ ಹೊತ್ತಿದೆ. ಅದರ ಮೈಯ ಕಾವು ಸುಮಾರು 41 ಡಿಗ್ರಿ ಸೆಲ್ಸಿಯಸ್, ಅಂದರೆ ಮನುಷ್ಯನಿಗೆ ವಿಪರೀತ ಜ್ವರವೆನಿಸುವಷ್ಟು. ಚಳಿಯಾದಾಗ ಅದು ಪುಕ್ಕಗಳನ್ನು ಉಬ್ಬಿಸಿ, ಅವುಗಳ ನಡುವೆ ಗಾಳಿಯನ್ನು ಹಿಡಿದುಕೊಂಡು, ಪಾದಗಳ ಮೇಲೆ ಕುಕ್ಕರಿಸಿ, ತಲೆಯನ್ನು ರೆಕ್ಕೆಯ ಗರಿಗಳಲ್ಲಿ ಅಡಗಿಸುತ್ತದೆ. ನಮ್ಮ ನಾಡಿನ ಚಳಿಗೆ ದೊಡ್ಡ ಕೋಳಿಗೆ ಇಷ್ಟು ಸಾಕು. ಅದಕ್ಕೆ ಶತ್ರುವಾದದ್ದು ಚಳಿಯಲ್ಲ, ತೇವ. ಬಿಗಿಯಾಗಿ ಮುಚ್ಚಿದ ಗೂಡಿನಲ್ಲಿ ಅದರ ಉಸಿರಿನ ಹಬೆಯೂ ಹಿಕ್ಕೆಯ ನೀರೂ ಹೊರಗೆ ಹೋಗಲಾರದೆ ನಿಲ್ಲುತ್ತವೆ. ತೇವವಾದ ಪುಕ್ಕಕ್ಕೆ ಗಾಳಿಯನ್ನು ಹಿಡಿಯುವ ಶಕ್ತಿ ಇಲ್ಲ. ಕೊಳೆಯುವ ಹಿಕ್ಕೆಯಿಂದ ಏಳುವ ಘಾಟು ಶ್ವಾಸಕೋಶವನ್ನು ಕೆಡಿಸುತ್ತದೆ. ಬೆಳಿಗ್ಗೆ ಗೂಡಿನ ಬಾಗಿಲು ತೆರೆದು ತಲೆ ಬೊಗ್ಗಿಸಿ ನೋಡಿರಿ: ನಿಮ್ಮ ಕಣ್ಣು ಉರಿದರೆ, ರಾತ್ರಿಯೆಲ್ಲಾ ಅದರೊಳಗಿದ್ದ ಪ್ರಾಣಿಯ ಗತಿ ಏನೆಂದು ಕೇಳಬೇಕಾಗಿಲ್ಲ.

ಆದದರಿಂದ ಕೆಳಭಾಗದಲ್ಲಿ, ಕೋಳಿ ಕೂರುವ ಮಟ್ಟದಲ್ಲಿ, ಗಾಳಿ ನೇರವಾಗಿ ಹೊಡೆಯದಂತೆ ತಡೆಯಬೇಕು. ಮೇಲುಭಾಗದಲ್ಲಿ, ಮಾಡಿನ ಹತ್ತಿರ, ಸಂದು ಬಿಡಬೇಕು. ನೆಲಕ್ಕೆ ಮೂರು ನಾಲ್ಕು ಅಂಗುಲ ಒಣಗಿದ ಭತ್ತದ ಹೊಟ್ಟು ಹರಡಿ, ಒದ್ದೆಯಾದದ್ದನ್ನು ಆಗಾಗ ತೆಗೆಯಬೇಕು. ಕೂರುವ ಅಡ್ಡವು ಎರಡು ಅಂಗುಲ ಅಗಲದ ಚಪ್ಪಟೆಯಾದ ಮರವಾಗಿದ್ದರೆ ಪಾದವೆಲ್ಲಾ ಎದೆಯ ಪುಕ್ಕದಡಿ ಮುಚ್ಚಿಹೋಗುತ್ತದೆ. ಸಣ್ಣ ಕೋಲಾದರೆ ಬೆರಳುಗಳು ಹೊರಗೆ ಉಳಿಯುವವು. ಸಂಜೆ ಗೂಡಿಗೆ ಸೇರುವ ಮುಂಚೆ ಒಂದು ಹಿಡಿ ಜೋಳವನ್ನೋ ಮೆಕ್ಕೆಜೋಳವನ್ನೋ ಎರಚಿದರೆ ಅದು ಜೀರ್ಣವಾಗುವ ಕಾವು ರಾತ್ರಿಗೆ ಒದಗುತ್ತದೆ. ಕೆಂಡದ ಮಡಕೆಯನ್ನು ಗೂಡಿನೊಳಗೆ ಇಡುವದನ್ನು ಮಾತ್ರ ಖಂಡಿತವಾಗಿ ಬಿಡಬೇಕು. ಬೆಂಕಿ ಹತ್ತದೆ ಇದ್ದರೂ ಅದರ ವಿಷದ ಗಾಳಿಯೇ ಕೊಲ್ಲುತ್ತದೆ.

ಬೇಸಿಗೆಯ ವಿಷಯವು ಬೇರೆ. ಚಳಿಯಲ್ಲಿ ನಾವು ಹೆಚ್ಚಾಗಿ ಮಾಡುತ್ತೇವೆ. ಸೆಕೆಯಲ್ಲಿ ಏನೂ ಮಾಡುವದಿಲ್ಲ. ನಮಗೆ ಬೆವರು ಬರುತ್ತದೆ, ಬೆವರು ಆರಿದರೆ ಮೈ ತಂಪಾಗುತ್ತದೆ. ಕೋಳಿಗೆ ಬೆವರಿನ ಗ್ರಂಥಿಗಳೇ ಇಲ್ಲ. ಚಳಿಯಲ್ಲಿ ಅದನ್ನು ಕಾಯ್ದ ಆ ಪುಕ್ಕದ ಕಂಬಳಿಯನ್ನು ಏಪ್ರಿಲ್ ತಿಂಗಳಲ್ಲಿ ಕಳಚಿ ಇಡುವ ಉಪಾಯವೂ ಅದಕ್ಕಿಲ್ಲ. ತಲೆಯ ಕೆಂಪು ಜುಟ್ಟಿಗೂ ಗಲ್ಲದ ಜೋಲಿಗೂ ರಕ್ತವನ್ನು ಹರಿಸಿ, ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು, ಕೊನೆಗೆ ಕೊಕ್ಕು ತೆರೆದು ಏದುಸಿರು ಬಿಟ್ಟು ಅದು ಕಾವನ್ನು ಹೊರಹಾಕಬೇಕು. ದೊಡ್ಡ ಕೋಳಿಗೆ ಹಿತವಾದ ಹವೆಯು ಸುಮಾರು 18ರಿಂದ 24 ಡಿಗ್ರಿ. 30 ದಾಟಿದರೆ ಏದಲಿಕ್ಕೆ ತೊಡಗುತ್ತದೆ. 35ರ ಮೇಲೆ ಅಪಾಯ. ಕಲಬುರಗಿ ರಾಯಚೂರುಗಳಲ್ಲಿ ಏಪ್ರಿಲ್ ಮೇ ತಿಂಗಳಲ್ಲಿ 40 ದಾಟುವದು ಹೊಸತಲ್ಲ. ಮಂಗಳೂರು ಉಡುಪಿ ಕಡೆಯವರು, ನಮ್ಮಲ್ಲಿ ಅಷ್ಟು ಬಿಸಿಲಿಲ್ಲವೆಂದು ಸುಮ್ಮನಿರಬಾರದು. ಉಸಿರಿನ ಮೂಲಕ ನೀರು ಆರಿದರೆ ಮಾತ್ರ ಕೋಳಿಗೆ ತಂಪು. ಕಡಲ ಕರೆಯ ತೇವದ ಗಾಳಿಯಲ್ಲಿ ಅದು ಬೇಗನೆ ಆರುವದಿಲ್ಲ. ಬೇಸಿಗೆಯ ಮೊಟ್ಟೆಯ ಚಿಪ್ಪು ತೆಳ್ಳಗಾಗುವದಕ್ಕೂ ಈ ಏದುಸಿರೇ ಒಂದು ಕಾರಣ. ಅದರಿಂದ ರಕ್ತದ ಸ್ಥಿತಿಯು ಬದಲಾಗಿ, ಚಿಪ್ಪಿಗೆ ಬೇಕಾದ ಸುಣ್ಣದಂಶವು ಸರಿಯಾಗಿ ಒದಗುವದಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ಎಲ್ಲಕ್ಕೂ ಮೊದಲು ನೀರು. ಒಂದು ಕೋಳಿಯು ದಿನಕ್ಕೆ ಸುಮಾರು ಕಾಲು ಲೀಟರು ಕುಡಿಯುತ್ತದೆ. ಸೆಕೆಯಲ್ಲಿ ಅದರ ಎರಡರಷ್ಟೂ ಬೇಕಾಗುವದು. ತಗಡಿನ ಡಬ್ಬಿಯಲ್ಲಿ ಬಿಸಿಲಿಗೆ ಇಟ್ಟ ನೀರನ್ನು ಅದು ಮುಟ್ಟಲೊಲ್ಲದು. ಹಳೇ ಮಣ್ಣಿನ ಮಡಕೆಯ ತಳಭಾಗವನ್ನು ನೆರಳಿನಲ್ಲಿಟ್ಟು, ಮಧ್ಯಾಹ್ನ ಒಮ್ಮೆ ನೀರು ಬದಲಿಸಬೇಕು. ಒಂದೇ ಕಡೆಯಲ್ಲಿ ಅಲ್ಲ, ಎರಡು ಕಡೆಗಳಲ್ಲಿ. ಯಾಕಂದರೆ ಕೋಳಿಗಳಲ್ಲಿಯೂ ಬಲಿಷ್ಠರು ಬಲಹೀನರನ್ನು ಕುಟ್ಟಿ ಓಡಿಸುವದುಂಟು. ನೆರಳಿಗೆ ಮರವಿದ್ದರೆ ಅದಕ್ಕೆ ಸಮವಾದದ್ದಿಲ್ಲ; ಇಲ್ಲದಿದ್ದರೆ ನಾಲ್ಕು ಗೂಟ ನಟ್ಟು ತೆಂಗಿನ ಗರಿಯನ್ನೋ ಜೋಳದ ದಂಟನ್ನೋ ಹೊದಿಸಬಹುದು. ಗೂಡಿನ ಮಾಡು ತಗಡಿನದಾದರೆ ಅದಕ್ಕೆ ಸುಣ್ಣ ಬಳಿದು, ಮೇಲೆ ಹುಲ್ಲು ಹೊದಿಸಬೇಕು. ಕಾಳನ್ನು ಬೆಳಗಿನ ಜಾವದಲ್ಲಿಯೂ ಸಂಜೆಯಲ್ಲಿಯೂ ಹಾಕಬೇಕೇ ಹೊರತು ನಡುಹಗಲಲ್ಲಿ ಅಲ್ಲ. ಚಳಿಯ ರಾತ್ರಿ ಉಪಕಾರವಾದ ಜೀರ್ಣದ ಕಾವು ಇಲ್ಲಿ ಹೊರೆಯಾಗುತ್ತದೆ. ರಾತ್ರಿ ಒಂದೊಂದಕ್ಕೆ ಎರಡು ಚದರ ಅಡಿಯಾದರೂ ಸ್ಥಳವಿರಲಿ. ಒಂದು ಬುಟ್ಟಿಯ ಕೆಳಗೆ ಆರು ಕೋಳಿಗಳನ್ನು ಕವುಚಿದರೆ ಅವು ಒಂದಕ್ಕೊಂದು ಒಲೆಯಾಗುವವು. ಸೆಕೆಯಿಂದ ಬಿದ್ದ ಕೋಳಿಯನ್ನು ನೆರಳಿಗೆ ಒಯ್ದು, ಕಾಲನ್ನೂ ಜುಟ್ಟನ್ನೂ ತಣ್ಣೀರಿನಿಂದ ಒದ್ದೆಮಾಡಿ, ಬೀಸಣಿಗೆಯಿಂದ ಬೀಸಿರಿ. ಬಾಯಿಗೆ ನೀರನ್ನು ಸುರಿಯಬೇಡಿರಿ, ಅದು ಉಸಿರಿನ ಕೊಳವೆಗೆ ಹೋದೀತು.

ಮರಿಗಳ ವಿಷಯದಲ್ಲಿ ನಾವು ಹೇಳಿದ್ದೆಲ್ಲಾ ತಿರುಗಿ ಬೀಳುತ್ತದೆ. ಇಪ್ಪತ್ತೊಂದು ದಿನ ತಾಯಿಯ ಕಾವಿನಲ್ಲಿದ್ದು ಹೊರಟ ಮರಿಗೆ ನವಿರು ಇದೆ, ಪುಕ್ಕವಿಲ್ಲ; ಮೊದಲನೇ ವಾರದಲ್ಲಿ ಅದಕ್ಕೆ ಸುಮಾರು 35 ಡಿಗ್ರಿಯ ಬೆಚ್ಚಗೆ ಬೇಕು, ಆ ಮೇಲೆ ವಾರಕ್ಕೆ ಮೂರು ಡಿಗ್ರಿಯಷ್ಟು ಕಡಿಮೆ ಮಾಡಬಹುದು. ತಾಯಿ ಇದ್ದರೆ ಅವಳ ರೆಕ್ಕೆಯೇ ಸಾಕು. ತಾಯಿ ಇಲ್ಲದೆ ದೀಪದ ಬಿಸಿಯಲ್ಲಿ ಸಾಕುವವರು ಉಷ್ಣಮಾಪಕ ಇಲ್ಲವೆಂದು ಚಿಂತಿಸಬೇಕಾಗಿಲ್ಲ. ಮರಿಗಳು ದೀಪದಡಿಯಲ್ಲಿ ಒತ್ತಾಗಿ ಗುಂಪುಕೂಡಿ ಕೂಗುತ್ತಿದ್ದರೆ ಚಳಿ. ದೂರ ಸರಿದು ಬಾಯಿ ತೆರೆದಿದ್ದರೆ ಸೆಕೆ. ಅಲ್ಲಲ್ಲಿ ಹರಡಿ ಮೆಲ್ಲಗೆ ಕುಟುಕುತ್ತಿದ್ದರೆ ಸರಿಯಾಗಿದೆ. ಬ್ರಿಟನ್ನಿನ ಆ ಶೋಧಕರು ಮಾಡಿದ್ದೂ ಇಷ್ಟೇ: ಪ್ರಾಣಿಯನ್ನೇ ಕೇಳಿದರು.

ಮನುಷ್ಯರಿಗೇ ತಗಡಿನ ಮಾಡಿನ ಕೆಳಗೆ ಬೇಯುವ ಗತಿಯಿರುವಾಗ ಕೋಳಿಗೆ ನೆರಳಿನ ಯೋಚನೆ ಏಕೆ ಎಂದು ಬಡವರು ಕೇಳಿದರೆ, ಅದನ್ನು ನಾವು ಹಗುರವಾಗಿ ತೆಗೆದುಹಾಕಲಾರೆವು. ಮಗುವಿನ ಪಾಲನ್ನು ಕೋಳಿಗೆ ಕೊಡೆಂದು ಯಾರೂ ಹೇಳಬಾರದು. ಆದರೆ ಮೇಲೆ ಹೇಳಿದವುಗಳಲ್ಲಿ ಯಾವದಕ್ಕೆ ಹಣ ಬೇಕು? ಒಡೆದ ಮಡಕೆ, ಒಣಗಿದ ಗರಿ, ಹೊಟ್ಟು, ದಿನಕ್ಕೆ ಹತ್ತು ನಿಮಿಷದ ಗಮನ. ಗಮನವೂ ಒಂದು ಖರ್ಚೇ, ಅದೂ ಹೆಚ್ಚಾಗಿ ಮನೆಯ ಹೆಂಗಸರ ಮೇಲೆಯೇ ಬೀಳುವ ಖರ್ಚು; ಗಂಡಸರೂ ಮಕ್ಕಳೂ ಅದರಲ್ಲಿ ಪಾಲು ತೆಗೆದುಕೊಳ್ಳಲಿ.

ಸುಖವಾಗಿರುವ ಕೋಳಿ ಹೆಚ್ಚು ಮೊಟ್ಟೆ ಇಡುತ್ತದೆ, ಲಾಭವೇ ನಮಗೆ ಇದನ್ನೆಲ್ಲಾ ಕಲಿಸುವದು ಎನ್ನುವವರೂ ಇದ್ದಾರೆ. ಸತ್ಯವೇ, ಆದರೆ ಅರ್ಧ ಸತ್ಯ. ಮೊಟ್ಟೆ ನಿಲ್ಲಿಸಿದ ಮುದಿ ಹೇಂಟೆಗೆ ಲಾಭವು ಏನನ್ನು ಕೊಡುತ್ತದೆ? ನಾಳಿನ ಹಬ್ಬಕ್ಕೆ ಕಟ್ಟಿಹಾಕಿದ ಹುಂಜಕ್ಕೆ ಇಂದು ನೀರಿಡೆಂದು ಲಾಭವು ಹೇಳುವದೋ? ಅಲ್ಲಿ ಲೆಕ್ಕದ ಪುಸ್ತಕವು ಮುಚ್ಚಿಹೋಗುತ್ತದೆ. ಸಾಲವು ಮಾತ್ರ ಉಳಿಯುತ್ತದೆ.

ಸಂತೆಗೆ ಒಯ್ಯುವ ಕೋಳಿಯ ಸಂಗತಿಯೂ ಹೀಗೆಯೇ. ನಾಲ್ಕೈದನ್ನು ಕಾಲು ಕಟ್ಟಿ, ತಲೆಕೆಳಗಾಗಿ ಸೈಕಲ್ಲಿಗೆ ತೂಗಹಾಕಿ, ಬಿಸಿಲಲ್ಲಿ ಒಯ್ಯುವದನ್ನು ನಾವೆಲ್ಲರೂ ಕಂಡಿದ್ದೇವೆ. ನಮಗಿರುವಂತೆ ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ ಪೊರೆಯು ಕೋಳಿಗೆ ಇಲ್ಲ. ತಲೆಕೆಳಗಾದಾಗ ಕರುಳಿನ ಭಾರವೆಲ್ಲಾ ಉಸಿರಿನ ಚೀಲಗಳ ಮೇಲೆ ಬೀಳುತ್ತದೆ. ಏದುಸಿರಿನಿಂದಲೇ ತಂಪು ಪಡೆಯಬೇಕಾದ ಪ್ರಾಣಿಗೆ ಏದಲಿಕ್ಕೂ ಆಗುವದಿಲ್ಲ. ಸಂದುಗಳಿರುವ ಬುಟ್ಟಿಯಲ್ಲಿ ಹುಲ್ಲು ಹಾಸಿ, ಹೊತ್ತೇರುವ ಮೊದಲೇ ಹೊರಡಬೇಕು. ಸಂತೆಯಲ್ಲಿ ಬುಟ್ಟಿಯನ್ನು ಮರದಡಿಗೆ ಸರಿಸಿ, ಒಂದು ತೆಂಗಿನ ಚಿಪ್ಪಿನಲ್ಲಿ ನೀರಿಡಬೇಕು. ಕೊಳ್ಳುವವನು ಮಧ್ಯಾಹ್ನ ದಾಟಿ ಬರುವದುಂಟು.